ಮೈದಾನಕ್ಕೆ ಹಾರಿ ಬಂದ ಕರಡಿಮರಿಗಳು

(ಸುವರ್ಣ ಮಹೋತ್ಸವದ ಎರಡನೆಯ ದಿನ, ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ)



ನನಗೆ ಕೊಟ್ಟ ವಿಷಯ ‘ಕ್ರೀಡೆ ಮತ್ತು ಆರೋಗ್ಯ’. ನಾನು ಮೂವತ್ತೈದು ವರ್ಷ ಸರ್ಕಾರಿ ಆಸ್ಪತ್ರೆಗಳಲ್ಲಿ ನರ್ಸ್ ಆಗಿದ್ದವಳು, ಅದರಲ್ಲಿ ಹೆಚ್ಚಿನ ಕಾಲ ಮಕ್ಕಳ ವಾರ್ಡಿನಲ್ಲಿ. ಆದ್ದರಿಂದ ಈ ವಿಷಯ ಕೊಟ್ಟಿರಬೇಕು. ಓಡಿದರೆ ಹೃದಯಕ್ಕೆ ಒಳ್ಳೆಯದು, ಬೆಳಿಗ್ಗೆ ಬೇಗ ಏಳಬೇಕು ಎಂಬುದನ್ನೆಲ್ಲ ನಿಮ್ಮ ದೈಹಿಕ ಶಿಕ್ಷಕರು ನನಗಿಂತ ಚೆನ್ನಾಗಿ, ಸೀಟಿ ಊದಿ ಹೇಳುತ್ತಾರೆ. ನಾನು ಹೇಳುವುದು ಬೊಂಬೆಗಳ ವಿಚಾರ. ಆಟ ನೋಡಲು ಬಂದವರ ಕೈಯಿಂದ ಹೊರಟು, ಮೈದಾನಕ್ಕೆ ಬಿದ್ದು, ಅಲ್ಲಿಂದ ಆಸ್ಪತ್ರೆಯ ಮಕ್ಕಳ ಮಂಚದವರೆಗೆ ಪ್ರಯಾಣ ಮಾಡುವ ಕರಡಿಮರಿಗಳ ವಿಚಾರ.

ನಿವೃತ್ತಿಯಾದ ವರ್ಷವೇ ಮಗಳ ಬಾಣಂತನಕ್ಕೆಂದು ಕೆನಡಾದ ಕ್ಯಾಲ್ಗರಿಗೆ ಹೋಗಿದ್ದೆ. ಡಿಸೆಂಬರ್ ತಿಂಗಳು. ಹೊರಗೆ ಕಾಲಿಟ್ಟರೆ ಮೂಗು ಇದೆಯೋ ಇಲ್ಲವೋ ಎಂದು ಮುಟ್ಟಿ ನೋಡಿಕೊಳ್ಳಬೇಕಾದ ಚಳಿ. ಒಂದು ಭಾನುವಾರ ಅಳಿಯ, ‘ಅತ್ತೆ, ಇವತ್ತು ಹಾಕಿ ಪಂದ್ಯಕ್ಕೆ ಹೋಗೋಣ, ಹೋಗುವಾಗ ಒಂದು ಟೆಡ್ಡಿ ತಗೊಂಡು ಹೋಗಬೇಕು’ ಅಂದರು. ಪಂದ್ಯಕ್ಕೆ ಟಿಕೆಟ್ ಬೇಕು ಸರಿ, ಟೆಡ್ಡಿ ಯಾಕೆ?

ಅಲ್ಲಿಯ ಹಾಕಿ ನಮ್ಮ ಕೊಡಗಿನವರು ಆಡುವ ಹಾಕಿಯಲ್ಲ, ಮಂಜುಗಡ್ಡೆಯ ಮೇಲಿನ ಆಟ. ಕಾಲಿಗೆ ಅಲಗು ಕಟ್ಟಿದ ಬೂಟು, ಚೆಂಡಿನ ಬದಲು ರಬ್ಬರಿನ ಗಟ್ಟಿ ಬಿಲ್ಲೆ. ಕ್ರೀಡಾಂಗಣದ ಚಾವಣಿ ಕುದುರೆಯ ಜೀನಿನ ಆಕಾರದಲ್ಲಿದೆ. ಒಳಗೆ ಸಾವಿರಾರು ಜನ, ಪ್ರತಿಯೊಬ್ಬರ ತೊಡೆಯ ಮೇಲೂ ಒಂದೋ ಎರಡೋ ಬೊಂಬೆ. ಕೋಟು ಹಾಕಿದ ದೊಡ್ಡ ದೊಡ್ಡ ಗಂಡಸರು, ಗಡ್ಡ ಬಿಟ್ಟವರು, ಗುಲಾಬಿ ಬಣ್ಣದ ಕರಡಿಯನ್ನು ಮಗುವಿನ ಹಾಗೆ ಕೂರಿಸಿಕೊಂಡಿದ್ದಾರೆ. ಊರಿನ ತಂಡದ ಹೆಸರು ಹಿಟ್‌ಮೆನ್. ಆ ತಂಡ ಮೊದಲ ಗೋಲು ಹೊಡೆಯುವವರೆಗೆ ಎಲ್ಲರೂ ಕಾಯಬೇಕು. ಎದುರಾಳಿ ಗೋಲು ಹೊಡೆದರೆ ಬೊಂಬೆ ಕದಲುವ ಹಾಗಿಲ್ಲ. ಆಟದ ನಿಯಮ ನನಗೆ ಒಂದೂ ಗೊತ್ತಿರಲಿಲ್ಲ, ಆದರೂ ಅಂಚಿನಲ್ಲಿ ಕೂತು ‘ಹೊಡೀರಪ್ಪಾ’ ಅಂತ ಕನ್ನಡದಲ್ಲೇ ಕೂಗಿದೆ.

ಗೋಲು ಬಿತ್ತು. ಆಮೇಲೆ ಕಂಡದ್ದನ್ನು ಮಳೆ ಅನ್ನುವುದಕ್ಕಿಂತ ಆಲಿಕಲ್ಲು ಅನ್ನುವುದು ಸರಿ. ಮೇಲಿನ ಸಾಲು, ಕೆಳಗಿನ ಸಾಲು, ನಾಲ್ಕೂ ಕಡೆಯಿಂದ ಕರಡಿ, ಮೊಲ, ನಾಯಿಮರಿ, ಆನೆ. ಮೇಲಿನವರು ಎಸೆದದ್ದು ಮಂಜುಗಡ್ಡೆ ಮುಟ್ಟದೆ ಕೆಳಗಿನವರ ತಲೆಗೆ ಬಿದ್ದರೆ, ಅವರು ಎತ್ತಿ ಮುಂದಕ್ಕೆ ಎಸೆಯಬೇಕು. ಬಿಳಿ ನೆಲ ಮುಚ್ಚಿಹೋಯಿತು. ಗೋಲು ಹೊಡೆದ ಹುಡುಗನನ್ನು ಗೆಳೆಯರು ಬೊಂಬೆಗಳ ರಾಶಿಗೇ ತಳ್ಳಿದರು. ಆಟ ನಿಂತಿತು. ಎರಡೂ ತಂಡದವರು ಪಕ್ಕಕ್ಕೆ ಸರಿದರು, ಸ್ವಯಂಸೇವಕರು ಬಂದು ದೊಡ್ಡ ದೊಡ್ಡ ಚೀಲಗಳಿಗೆ ತುಂಬತೊಡಗಿದರು. ನಮ್ಮ ಕಡೆ ಕಣದಲ್ಲಿ ರಾಶಿ ತುಂಬಿದ ಹಾಗೆ.

ಈ ಪದ್ಧತಿ ಹಳೆಯದೇನಲ್ಲ. 1993ರ ಡಿಸೆಂಬರ್‌ನಲ್ಲಿ ಕೆನಡಾದಲ್ಲೇ ಕಾಮ್‌ಲೂಪ್ಸ್ ಎಂಬ ಊರಿನ ಬ್ಲೇಜರ್ಸ್ ತಂಡ ಮೊದಲು ಮಾಡಿತು ಅನ್ನುತ್ತಾರೆ. ಅಂದು ಗೋಲು ಹೊಡೆದು ಬೊಂಬೆ ಬೀಳಿಸಿದವನು ಬ್ರ್ಯಾಡ್ ಲುಕೋವಿಚ್. ಕ್ಯಾಲ್ಗರಿಯಲ್ಲಿ 1995ರಿಂದ ನಡೆಯುತ್ತಿದೆ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಹರ್ಷಿ ಎಂಬ ಊರಿದೆ, ಚಾಕೊಲೇಟ್ ಕಾರ್ಖಾನೆಯ ಸುತ್ತ ಬೆಳೆದ ಊರು. ಅಲ್ಲಿಯ ತಂಡದ ಹೆಸರೇ ‘ಬೇರ್ಸ್’, ಅಂದರೆ ಕರಡಿಗಳು. 2025ರ ಜನವರಿಯಲ್ಲಿ ಅಲ್ಲಿ ಒಂದೇ ಪಂದ್ಯದಲ್ಲಿ ಬಿದ್ದ ಬೊಂಬೆಗಳನ್ನು ಎಣಿಸಿದಾಗ 1,02,343 ಆದವು. ಇಷ್ಟು ಸಾಲದು, ಮುಂದಿನ ವರ್ಷ ಇನ್ನೂ ಹೆಚ್ಚು ಆಗಬೇಕು ಎಂಬ ಪೈಪೋಟಿ ಬೇರೆ. ನನಗೆ ಆ ಎಣಿಕೆಯ ಹುಚ್ಚು ಅಷ್ಟಾಗಿ ಹಿಡಿಸುವುದಿಲ್ಲ. ಮಂಚದ ಮೇಲಿರುವ ಮಗುವಿಗೆ ಒಂದು ಲಕ್ಷದ ಲೆಕ್ಕ ಬೇಡ, ಅದಕ್ಕೆ ಬೇಕಾದದ್ದು ಒಂದು.

ಟೆಡ್ಡಿ ಅನ್ನುವ ಹೆಸರು ಎಲ್ಲಿಂದ ಬಂತು ಗೊತ್ತೇ? 1902ರಲ್ಲಿ ಅಮೆರಿಕದ ಅಧ್ಯಕ್ಷ ಥಿಯೋಡೋರ್ ರೂಸ್‌ವೆಲ್ಟ್ ಮಿಸಿಸಿಪ್ಪಿಗೆ ಬೇಟೆಗೆ ಹೋಗಿದ್ದರು. ಕರಡಿ ಸಿಗಲಿಲ್ಲವೆಂದು ಜೊತೆಯವರು ಒಂದನ್ನು ಹಿಡಿದು ಮರಕ್ಕೆ ಕಟ್ಟಿ, ‘ಹೊಡೆಯಿರಿ’ ಅಂದರು. ಕಟ್ಟಿಹಾಕಿದ ಪ್ರಾಣಿಗೆ ಗುಂಡು ಹೊಡೆಯುವುದಿಲ್ಲ ಅಂದರು ಅವರು. ಪತ್ರಿಕೆಯಲ್ಲಿ ವ್ಯಂಗ್ಯಚಿತ್ರ ಬಂತು. ಅದನ್ನು ನೋಡಿ ಬ್ರೂಕ್ಲಿನ್‌ನ ಮಿಠಾಯಿ ಅಂಗಡಿಯ ಮಿಚ್‌ಟಮ್ ದಂಪತಿ ಬಟ್ಟೆಯ ಕರಡಿ ಹೊಲಿದು, ಅಧ್ಯಕ್ಷರ ಅಡ್ಡಹೆಸರು ‘ಟೆಡ್ಡಿ’ಯನ್ನೇ ಇಟ್ಟು ಮಾರಿದರು. ಮಕ್ಕಳಿಗೆ ಹೇಳುವಾಗ ಕಥೆ ಇಲ್ಲಿಗೆ ನಿಲ್ಲಿಸುತ್ತಾರೆ. ಆದರೆ ಆ ಕರಡಿಗೆ ಮೊದಲೇ ಬಹಳ ಪೆಟ್ಟಾಗಿತ್ತು, ನರಳುವುದು ತಪ್ಪಲೆಂದು ಅಧ್ಯಕ್ಷರೇ ಹೇಳಿ ಅದನ್ನು ಕೊಲ್ಲಿಸಿದರು. ನೀವು ಪ್ರೌಢಶಾಲೆಯವರು, ನಿಮಗೆ ಪೂರ್ತಿ ಹೇಳಬಹುದು.

ನಮ್ಮ ಭಾಗದಲ್ಲಿ ಕರಡಿ ಅಂದರೆ ಯಾರಿಗೂ ಮುದ್ದು ಬರುವುದಿಲ್ಲ. ದರೋಜಿಯ ಗುಡ್ಡಗಳಲ್ಲಿ 1994ರಿಂದ ಕರಡಿಧಾಮವೇ ಇದೆ. ಶೇಂಗಾ ಹೊಲಕ್ಕೆ ರಾತ್ರಿ ಕಾವಲು ಹೋದವರನ್ನು ಕೇಳಿದರೆ ಕರಡಿಯ ಗುಣ ಹೇಳುತ್ತಾರೆ. ಆದರೂ ನನ್ನ ಓರಗೆಯವರಿಗೆ ಇನ್ನೊಂದು ನೆನಪಿರಬೇಕು. ಕರಡಿ ಆಡಿಸುವವರು ಓಣಿಗೆ ಬಂದರೆ, ರಾತ್ರಿ ಬೆಚ್ಚಿಬೀಳುವ ಮಗುವನ್ನು ಕರಡಿಯ ಬೆನ್ನ ಮೇಲೆ ಕೂರಿಸುತ್ತಿದ್ದರು. ಕರಡಿ ಕೂದಲಿನ ತಾಯಿತ ಕೊರಳಿಗೆ ಕಟ್ಟುತ್ತಿದ್ದರು. ಆ ಕರಡಿಯ ಮೂಗಿಗೆ ತೂತು ಕೊರೆದು ಹಗ್ಗ ಪೋಣಿಸಿದ್ದನ್ನು ನಾವು ಅಷ್ಟಾಗಿ ನೋಡಲಿಲ್ಲ. ಈಗ ಆ ಆಟ ನಿಂತಿದೆ, ಅಂಥ ಕರಡಿಗಳಿಗೆ ಬನ್ನೇರುಘಟ್ಟದಲ್ಲಿ ಆಶ್ರಯ ಕೊಟ್ಟಿದ್ದಾರೆ, ಒಳ್ಳೆಯದೇ ಆಯಿತು. ನಾನು ಹೇಳಬೇಕೆಂದದ್ದು ಏನೆಂದರೆ, ಹೆದರಿದ ಮಗುವಿನ ಕೈಗೆ ಕರಡಿಯನ್ನು ಕೊಡುವ ಯೋಚನೆ ಅಲ್ಲಿಯವರಿಗೂ ಬಂದಿದೆ, ನಮ್ಮವರಿಗೂ ಬಂದಿತ್ತು.

ಬೊಂಬೆಯಿಂದ ಆಸ್ಪತ್ರೆಯಲ್ಲಿ ಏನಾಗುತ್ತದೆ ಎಂದು ಕೇಳಬಹುದು. ಜ್ವರ ಇಳಿಯುವುದಿಲ್ಲ. ಆದರೆ ಐದು ವರ್ಷದ ಮಗುವಿನ ಕೈಗೆ ಸೂಜಿ ಚುಚ್ಚಲು ಮೂರು ಜನ ಹಿಡಿದುಕೊಳ್ಳುವುದು ಬೇರೆ, ಆ ಮಗು ತಾನೇ ಕೈ ಚಾಚುವುದು ಬೇರೆ. ನಮ್ಮ ವಾರ್ಡಿಗೆ ಒಮ್ಮೆ ಮೈಮೇಲೆ ಬಿಸಿ ಅಂಬಲಿ ಬಿದ್ದ ಹುಡುಗನೊಬ್ಬ ಬಂದಿದ್ದ. ದಿನ ಬಿಟ್ಟು ದಿನ ಬ್ಯಾಂಡೇಜು ಬಿಚ್ಚಿ ಕಟ್ಟಬೇಕು. ನನ್ನ ಬಿಳಿ ಸೀರೆ ಬಾಗಿಲಲ್ಲಿ ಕಂಡರೆ ಸಾಕು, ಕಿರುಚುತ್ತಿದ್ದ. ಅವನ ತಾಯಿ ಗೋಡೆಗೆ ಮುಖಮಾಡಿ ನಿಲ್ಲುತ್ತಿದ್ದಳು. ಒಂದು ರಾತ್ರಿ ಪಾಳಿಯಲ್ಲಿ ಹತ್ತಿಯ ಉಂಡೆಗೆ ಬ್ಯಾಂಡೇಜು ಸುತ್ತಿ, ಎರಡು ಕಿವಿ ಗಂಟು ಹಾಕಿ, ಪೆನ್ನಿನಿಂದ ಕಣ್ಣಿಟ್ಟೆ. ಬೆಳಿಗ್ಗೆ ಮೊದಲು ಆ ಬೊಂಬೆಗೆ ಪಟ್ಟಿ ಬಿಚ್ಚಿದೆವು, ಮುಲಾಮು ಹಚ್ಚಿದೆವು, ಅವನೇ ಊದಿದ. ಆಮೇಲೆ ಅವನ ಸರದಿ. ಅಳಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ, ಅತ್ತ. ಆದರೆ ಕೈ ಕೊಸರಲಿಲ್ಲ. ‘ನರ್ಸಮ್ಮ, ಇದಕ್ಕೆ ನೋವಾತು’ ಅಂದ, ತನಗೆ ಅನ್ನಲಿಲ್ಲ. ಮನೆಗೆ ಹೋಗುವಾಗ ಆ ಮಾಸಿದ ಹತ್ತಿಯ ಉಂಡೆಯನ್ನು ಒಯ್ದ. ಯುರೋಪಿನ ಎಷ್ಟೋ ಊರುಗಳಲ್ಲಿ ವೈದ್ಯ ವಿದ್ಯಾರ್ಥಿಗಳು ‘ಟೆಡ್ಡಿ ಆಸ್ಪತ್ರೆ’ ನಡೆಸುತ್ತಾರೆ. ಮಕ್ಕಳು ತಮ್ಮ ಬೊಂಬೆಗಳನ್ನು ರೋಗಿಗಳೆಂದು ತಂದು ತೋರಿಸುತ್ತಾರೆ. ನಾವು ಮಾಡಿದ್ದಕ್ಕೆ ಹೆಸರಿರಲಿಲ್ಲ, ಅಷ್ಟೆ.

ಎರಡು ಪಂದ್ಯಗಳ ಬಗ್ಗೆ ಹೇಳಲೇಬೇಕು. 2016ರ ಸೆಪ್ಟೆಂಬರ್‌ನಲ್ಲಿ ನೆದರ್ಲೆಂಡ್ಸ್‌ನ ರಾಟರ್‌ಡ್ಯಾಮ್‌ನಲ್ಲಿ ಫೆಯೆನೂರ್ಡ್ ತಂಡಕ್ಕೂ ಹೇಗ್ ನಗರದ ಆಡೋ ತಂಡಕ್ಕೂ ಫುಟ್‌ಬಾಲ್ ಪಂದ್ಯ. ಎರಡು ಊರಿನ ಬೆಂಬಲಿಗರಿಗೂ ಅಷ್ಟಕ್ಕಷ್ಟೆ. ಹೇಗ್‌ನವರಿಗೆ ಮೇಲಿನ ಅಂತಸ್ತು. ಕೆಳಗಿನ ಅಂತಸ್ತಿನಲ್ಲಿ ಆ ದಿನ ಕುಳಿತಿದ್ದವರು ರಾಟರ್‌ಡ್ಯಾಮ್‌ನ ಸೋಫಿಯಾ ಮಕ್ಕಳ ಆಸ್ಪತ್ರೆಯಿಂದ ಬಂದ ಮಕ್ಕಳು. ಆಟದ ನಡುವೆ ಮೇಲಿನಿಂದ ಬೊಂಬೆಗಳು ಸುರಿದವು, ನೇರ ಮಕ್ಕಳ ಮಡಿಲಿಗೆ. ಎದುರಾಳಿ ಊರಿನ ಮಕ್ಕಳಿಗಾಗಿ ಅಂಗಡಿಗೆ ಹೋಗಿ ಬೊಂಬೆ ಆರಿಸಿ, ಅದನ್ನು ಚೀಲದಲ್ಲಿ ಹೊತ್ತು ತಂದಿದ್ದರಲ್ಲ, ಅದು ನನಗೆ ದೊಡ್ಡದಾಗಿ ಕಾಣುತ್ತದೆ. ನಮ್ಮ ತಾಲ್ಲೂಕು ಮಟ್ಟದ ಕಬಡ್ಡಿಯಲ್ಲಿ ಪಕ್ಕದ ಊರಿನವರಿಗೆ ನಾವು ಏನೇನು ಎಸೆದಿದ್ದೇವೆ ಎಂಬುದನ್ನು ಹಿಂದಿನ ಸಾಲಿನಲ್ಲಿ ಕುಳಿತಿರುವ ಕೆಲವರು ಬಲ್ಲರು.

ಇನ್ನೊಂದು ಟರ್ಕಿಯದು. 2023ರ ಫೆಬ್ರುವರಿ 6ರ ಬೆಳಗಿನ ಜಾವ 4 ಗಂಟೆ 17 ನಿಮಿಷಕ್ಕೆ ಅಲ್ಲಿ ಭೂಕಂಪವಾಯಿತು. ಆ ದೇಶವೊಂದರಲ್ಲೇ 50 ಸಾವಿರಕ್ಕೂ ಹೆಚ್ಚು ಜನ ಸತ್ತರು. ಇಪ್ಪತ್ತು ದಿನಗಳ ನಂತರ ಇಸ್ತಾಂಬುಲ್‌ನಲ್ಲಿ ಬೆಶಿಕ್ತಾಶ್ ತಂಡದ ಪಂದ್ಯ. ಆಟ ಶುರುವಾಗಿ 4 ನಿಮಿಷ 17 ಸೆಕೆಂಡಿಗೆ ನಿಲ್ಲಿಸಿದರು. ಇಲ್ಲಿ ಗೋಲಿಗಾಗಿ ಕಾಯಲಿಲ್ಲ. ಸಾವಿರಾರು ಬೊಂಬೆಗಳು, ಕೊರಳಿನ ಉಣ್ಣೆ ಶಾಲುಗಳು ಹಸಿರು ಮೈದಾನಕ್ಕೆ ಬಿದ್ದವು, ಮನೆ ಕಳೆದುಕೊಂಡ ಮಕ್ಕಳಿಗಾಗಿ. ಅದೇ ಜನ ಅದೇ ದಿನ ಸರ್ಕಾರ ರಾಜೀನಾಮೆ ಕೊಡಲಿ ಎಂದೂ ಕೂಗಿದರು. ಬೊಂಬೆ ಕೊಟ್ಟ ಮಾತ್ರಕ್ಕೆ ಮನೆ ಯಾಕೆ ಕುಸಿಯಿತು ಎಂದು ಕೇಳುವುದನ್ನು ಬಿಡಬೇಕಾಗಿಲ್ಲ ಎಂದು ನಾನು ಅದನ್ನು ಅರ್ಥ ಮಾಡಿಕೊಂಡಿದ್ದೇನೆ.

ಮಂಜುಗಡ್ಡೆಯ ಮೇಲೆ ಬೀಳುವ ಬೊಂಬೆ ಒದ್ದೆಯಾಗಬಾರದೆಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ತನ್ನಿ ಎನ್ನುವುದುಂಟು. ಬ್ಯಾಟರಿ ಇರುವುದು ಬೇಡ, ತಲೆಗೆ ಬಿದ್ದರೆ ಪೆಟ್ಟು. ನಮ್ಮ ಚನ್ನಪಟ್ಟಣದ ಬೊಂಬೆ ಎಷ್ಟೇ ಚಂದವಿದ್ದರೂ ಈ ಕೆಲಸಕ್ಕೆ ಆಗದು! ಆಸ್ಪತ್ರೆಗೆ ಹೊಸ ಬೊಂಬೆಯೇ ಬೇಕು. ಮನೆಯ ಮೂಲೆಯಲ್ಲಿದ್ದ ಹಳೆಯದನ್ನು ಕೊಡಬಾರದು. ರಕ್ತದ ಕ್ಯಾನ್ಸರಿಗೆ ಔಷಧ ತೆಗೆದುಕೊಳ್ಳುತ್ತಿರುವ ಮಗುವಿಗೆ ಬೊಂಬೆಯ ಧೂಳೂ ಅಪಾಯ. ಒಗೆದು ಬಿಸಿಲಿಗೆ ಒಣಗಿಸಲು ಬರುವಂಥದ್ದಾದರೆ ಇನ್ನೂ ಮೇಲು. ಒಂದು ಮಗುವಿಗೆ ಕೊಟ್ಟದ್ದು ಆ ಮಗುವಿನದೇ, ಡಿಸ್ಚಾರ್ಜ್ ಆಗುವಾಗ ವಾಪಸು ಕೇಳಬಾರದು. ಕ್ಯಾಲ್ಗರಿಯಲ್ಲಿ ಆಟಗಾರರೇ ಮಕ್ಕಳ ಆಸ್ಪತ್ರೆಗೆ ಹೋಗಿ ಮಂಚದ ಬಳಿ ನಿಂತು ಕೊಡುತ್ತಾರೆ. ಮಕ್ಕಳು ಬೊಂಬೆಗಿಂತ ಹೆಚ್ಚಾಗಿ ಆಟಗಾರನ ಮುರಿದ ಹಲ್ಲನ್ನು ನೋಡುತ್ತಾರಂತೆ!

ಹಳಬರಿಗೆ ಇನ್ನೊಂದು ಕರಡಿ ನೆನಪಾಗಬಹುದು, 1980ರ ಮಾಸ್ಕೊ ಒಲಿಂಪಿಕ್ಸ್‌ನ ಮಿಶಾ. ನಮ್ಮ ಕೊಡಗಿನ ಎಂ.ಎಂ. ಸೋಮಯ್ಯ ಇದ್ದ ತಂಡ ಹಾಕಿಯಲ್ಲಿ ಚಿನ್ನ ಗೆದ್ದ ಒಲಿಂಪಿಕ್ಸ್ ಅದು. ಮಿಶಾ ಬೊಂಬೆ 1978ರಲ್ಲೇ ಬಾಹ್ಯಾಕಾಶಕ್ಕೆ ಹೋಗಿಬಂದಿತ್ತು. ಕೊನೆಯ ದಿನ ಬಲೂನು ಕಟ್ಟಿ ದೊಡ್ಡ ಮಿಶಾನನ್ನು ಆಕಾಶಕ್ಕೆ ಬಿಟ್ಟರು. ಅದು ನಗರದೊಳಗಿನ ದಿಬ್ಬಗಳ ಕಡೆ ಹೋಗಿ ಇಳಿಯಿತು.

ಈಗ ಸಂಜೆಯ ವಿಚಾರ. ಐದು ಗಂಟೆಗೆ ಹಳೆಯ ವಿದ್ಯಾರ್ಥಿಗಳಿಗೂ ಈಗಿನ ಹುಡುಗರಿಗೂ ಕಬಡ್ಡಿ ಇದೆ. ನಮ್ಮ ಓಣಿಯ ಸ್ವಸಹಾಯ ಸಂಘದ ಹೆಂಗಸರು ಹೊಲಿದ ನಲವತ್ತು ಬಟ್ಟೆ ಕರಡಿಗಳನ್ನು ತಂದಿದ್ದೇನೆ, ಹತ್ತನೇ ತರಗತಿಯ ಹೆಣ್ಣುಮಕ್ಕಳ ಬಳಿ ಇವೆ. ತಾಲ್ಲೂಕು ಆಸ್ಪತ್ರೆಯ ಮಕ್ಕಳ ವಾರ್ಡಿಗೆ ನಾಳೆ ಹೋಗಬೇಕು, ಅಲ್ಲಿಯ ಸಿಸ್ಟರಿಗೆ ಹೇಳಿದ್ದೇನೆ. ಮೊದಲ ಅಂಕ ಯಾರದ್ದೇ ಬರಲಿ, ಒಬ್ಬೊಬ್ಬರಾಗಿ ಬಂದು ಗೆರೆಯ ಪಕ್ಕದ ಬುಟ್ಟಿಗೆ ಹಾಕಿ. ಎಸೆಯಬೇಡಿ, ನಮ್ಮ ಮೈದಾನದ ಕೆಂಪು ಧೂಳು ಬಿಳಿ ಬಟ್ಟೆಗೆ ಹತ್ತಿದರೆ ಬಿಡುವುದಿಲ್ಲ.