ಚೌಕ ತೂತಿನ ನಾಣ್ಯಗಳು

ಹಳೆಯ ನಾಣ್ಯವೊಂದು ಕೈಗೆ ಬಂದೊಡನೆ ಹೆಚ್ಚಿನವರು ಕೇಳುವ ಮೊದಲ ಪ್ರಶ್ನೆ, 'ಇದು ಎಷ್ಟು ಬಾಳುತ್ತದೆ?' ಎಂಬುದು. ಪ್ರಶ್ನೆ ಸಹಜವಾದುದೇ. ಆದರೆ ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆಯೊಂದುಂಟು: 'ಇದು ಯಾವುದು?' ಇದಕ್ಕೆ ಉತ್ತರ ದೊರೆಯುವ ಮುನ್ನ ಬೆಲೆ ಹೇಳುವವನು ಮೋಸಗಾರನಾಗಿರಬೇಕು, ಇಲ್ಲವೇ ಮೋಸಹೋಗಲು ಸಿದ್ಧನಾಗಿರಬೇಕು. ಜಪಾನ್ ದೇಶದ ಎರಕದ ನಾಣ್ಯಗಳನ್ನು ನಿದರ್ಶನವಾಗಿಟ್ಟುಕೊಂಡು ಈ ಮಾತನ್ನು ತಮ್ಮ ಮುಂದೆ ವಿವರಿಸಬಯಸುತ್ತೇನೆ.

ನಮ್ಮ ಹಳೆಯ ನಾಣ್ಯಗಳಲ್ಲಿ ಬಹುಪಾಲು ಸುತ್ತಿಗೆಯ ಪೆಟ್ಟಿನಿಂದ ಮುದ್ರೆಯೊತ್ತಿದವು. ಜಪಾನೀಯರಾದರೋ ಚೀನೀಯರನ್ನು ಅನುಸರಿಸಿ, ಕರಗಿದ ಲೋಹವನ್ನು ಮರಳಿನ ಅಚ್ಚಿಗೆ ಹೊಯ್ದು ನಾಣ್ಯ ಮಾಡಿದರು. ದುಂಡನೆಯ ಬಿಲ್ಲೆ, ನಡುವೆ ಚೌಕವಾದ ತೂತು, ಅದರ ನಾಲ್ಕು ಕಡೆ ನಾಲ್ಕು ಅಕ್ಷರ. ಎರಕದಿಂದ ತೆಗೆದ ಬಿಲ್ಲೆಗಳನ್ನು ಚೌಕ ಸರಳಿಗೆ ಪೋಣಿಸಿ ಅಂಚನ್ನು ಅರದಿಂದ ಉಜ್ಜುತ್ತಿದ್ದರು. ತೂತು ಚೌಕವಾದ್ದರಿಂದ ಬಿಲ್ಲೆ ತಿರುಗುತ್ತಿರಲಿಲ್ಲ. ಪೇಟೆಯಲ್ಲಿ ಅದೇ ತೂತಿಗೆ ದಾರ ಪೋಣಿಸಿ ಸರ ಮಾಡುತ್ತಿದ್ದರು. ಎದೊ ಕಾಲದಲ್ಲಿ 96 ನಾಣ್ಯಗಳ ಸರವನ್ನು 100 ಎಂದೇ ಎಣಿಸುವ ರೂಢಿಯಿತ್ತು.

ಕ್ರಿ.ಶ. 708ರಲ್ಲಿ ಚಿಚಿಬು ಎಂಬಲ್ಲಿ ತಾಮ್ರ ದೊರೆಯಿತೆಂದು ಸಾಮ್ರಾಜ್ಞಿ ಗೆನ್‌ಮೆಯಿ ಆಳ್ವಿಕೆಯ ಶಕಕ್ಕೇ 'ವಾದೊ' ಎಂದು ಹೊಸ ಹೆಸರಿಟ್ಟಳು. ಆ ವರ್ಷವೇ 'ವಾದೊ ಕೈಚಿನ್' ನಾಣ್ಯ ಹೊರಟಿತು. ಅದು ಮೊದಲ್ಗೊಂಡು 958ರವರೆಗೆ ಹನ್ನೆರಡು ಬಗೆಯ ತಾಮ್ರನಾಣ್ಯಗಳು ಬಂದವು. ಹೊಸ ನಾಣ್ಯವೊಂದು ಹಳೆಯ ಹತ್ತಕ್ಕೆ ಸಮವೆಂದು ಸರ್ಕಾರ ಹಲವು ಸಲ ಸಾರಿತು. ಅದೇ ಹೊತ್ತಿಗೆ ನಾಣ್ಯದ ಗಾತ್ರ ಕುಗ್ಗುತ್ತ, ಸೀಸದ ಬೆರಕೆ ಹೆಚ್ಚುತ್ತ ಹೋಯಿತು. ಜನ ನಂಬಿಕೆ ಕಳೆದುಕೊಂಡು ಅಕ್ಕಿ, ಬಟ್ಟೆಗಳ ವಿನಿಮಯಕ್ಕೆ ಮರಳಿದರು. ಮುಂದೆ ಶತಮಾನಗಳ ಕಾಲ ಚೀನಾದಿಂದ ಬಂದ ನಾಣ್ಯಗಳೇ ಅಲ್ಲಿ ನಡೆದವು.

ಇಂದು ನಮ್ಮ ಕೈಗೆ ಸಿಗಬಹುದಾದುದು ಸಾಮಾನ್ಯವಾಗಿ 1636ರಲ್ಲಿ ತೊಕುಗಾವ ಪ್ರಭುತ್ವ ಆರಂಭಿಸಿದ 'ಕಾನ್‌ಎಯಿ ತ್ಸುಹೊ'. ಮೇಲೆ, ಕೆಳಗೆ, ಬಲಕ್ಕೆ, ಎಡಕ್ಕೆ, ಹೀಗೆ ಓದಿದರೆ 'ಕಾನ್‌ಎಯಿ ಶಕದ ಚಲಿಸುವ ನಿಧಿ' ಎಂದರ್ಥ. ಇಲ್ಲಿಯೇ ಮೊದಲ ತೊಡಕು. ಆ ಶಕ 1644ರಲ್ಲೇ ಮುಗಿಯಿತು. ನಾಣ್ಯದ ಮೇಲಿನ ಹೆಸರು ಮಾತ್ರ ಇನ್ನೂರು ವರ್ಷಕ್ಕೂ ಮಿಕ್ಕಿ ಮುಂದುವರಿಯಿತು. ಆದ್ದರಿಂದ ಹೆಸರನ್ನು ಓದಿ ಕಾಲವನ್ನು ಹೇಳುವಂತಿಲ್ಲ. ಬರವಣಿಗೆಯ ವಿವರವನ್ನು ನೋಡಬೇಕು. ಎಡಗಡೆಯ ಅಕ್ಷರದ ಕೆಳತುದಿಯಲ್ಲಿ ಎರಡು ಕಾಲುಗಳಂತಹ ಗೀಟುಗಳಿವೆ. ಅವು ಒಂದಕ್ಕೊಂದು ತಾಗಿಕೊಂಡಿದ್ದರೆ ಹಳೆಯ ಕಾನ್‌ಎಯಿ. ಬೇರೆಬೇರೆಯಾಗಿದ್ದರೆ 1668ರ ಅನಂತರದ ಹೊಸ ಕಾನ್‌ಎಯಿ. ಹೊಸದರ ಹಿಂಬದಿಯಲ್ಲಿ ಕೆಲವೊಮ್ಮೆ ಊರಿನ ಗುರುತಿರುತ್ತದೆ: ಆಶಿಯೊ, ಸಾದೊ, ನಾಗಸಾಕಿಗಳ ಮೊದಲಕ್ಷರ. 1739ರಿಂದ ಕಬ್ಬಿಣದವೂ ಬಂದವು. 1768ರಿಂದ ನಾಲ್ಕು ಮೊನ್ ಬೆಲೆಯ ಹಿತ್ತಾಳೆಯವು, ಬೆನ್ನಿನ ಮೇಲೆ ಅಲೆಗಳ ಸಾಲು ಹೊತ್ತು, ಬಂದವು.

1835ರ 'ತೆನ್‌ಪೊ ತ್ಸುಹೊ' ಅಂಡಾಕಾರದ್ದು. ತೂಕ ಸುಮಾರು 20 ಗ್ರಾಂ, ಎಂದರೆ ಒಂದು ಮೊನ್ ನಾಣ್ಯದ ಕೆಲವೇ ಪಟ್ಟು. ಸಾರಿದ ಬೆಲೆ ಮಾತ್ರ ನೂರರಷ್ಟು. ಲಾಭ ಕಂಡ ಪ್ರಾಂತಗಳ ಪ್ರಭುಗಳು ಗುಟ್ಟಾಗಿ ತಾವೂ ಎರಕ ಹೊಯ್ದರು. ಮೆಯಿಜಿ ಸರ್ಕಾರ ಕಡೆಗೆ ಅದನ್ನು ಎಂಬತ್ತಕ್ಕೆ ಇಳಿಸಿತು. ಆ ಬಳಿಕ ಬುದ್ಧಿ ಕೊಂಚ ಕಡಿಮೆಯಾದವನನ್ನು 'ತೆನ್‌ಪೊ ನಾಣ್ಯ' ಎಂದು ಹಾಸ್ಯಮಾಡುವ ಮಾತೇ ಅಲ್ಲಿ ಹುಟ್ಟಿತು!

ಇನ್ನು ನಕಲಿಯ ವಿಚಾರ. ಟಂಕಸಾಲೆಯಲ್ಲಿ ಕುಶಲಿಯೊಬ್ಬನು ಮೊದಲ ನಾಣ್ಯವನ್ನು ಕೈಯಿಂದ ಕೆತ್ತುತ್ತಿದ್ದ. ಅದರಿಂದ 'ತಾಯಿನಾಣ್ಯ'ಗಳನ್ನು ಎರಕ ಹೊಯ್ದು, ಅವನ್ನು ಮರಳಿಗೆ ಒತ್ತಿ ಚಲಾವಣೆಯ ನಾಣ್ಯಗಳನ್ನು ತೆಗೆಯುತ್ತಿದ್ದರು. ಲೋಹ ತಣಿದಾಗ ಕುಗ್ಗುವುದರಿಂದ ಪ್ರತಿಯೊಂದು ತಲೆಮಾರೂ ತನ್ನ ತಾಯಿಗಿಂತ ಕೂದಲೆಳೆಯಷ್ಟು ಕಿರಿದು. ಅಕ್ಷರವೂ ಅಷ್ಟಷ್ಟು ಮಸುಕು. ಚಲಾವಣೆಯ ನಾಣ್ಯದಿಂದಲೇ ಅಚ್ಚು ತೆಗೆದ ನಕಲಿ ಇನ್ನೂ ಕಿರಿದಾಗುತ್ತದೆ. ಓಲೆಗರಿಗಳ ಪಾಠಾಂತರಗಳೊಡನೆ ಬಾಳು ಕಳೆದ ನನಗೆ ಇದು ಪರಿಚಿತ ನ್ಯಾಯವೆನಿಸುತ್ತದೆ. ಪ್ರತಿಯ ಪ್ರತಿಯಲ್ಲಿ ಲಿಪಿಕಾರನ ಸ್ಖಾಲಿತ್ಯ ಬೆಳೆಯುವಂತೆ, ಎರಕದ ಎರಕದಲ್ಲಿ ಗೀಟು ಕರಗುತ್ತದೆ. ಭೂತಗನ್ನಡಿ, ಅಳತೆಪಟ್ಟಿ, ಸಣ್ಣ ತಕ್ಕಡಿ, ಇವಿಷ್ಟಿದ್ದರೆ ಅರ್ಧ ಪರೀಕ್ಷೆ ಮುಗಿದಂತೆ.

ಬೆಲೆಯನ್ನು ನಿರ್ಧರಿಸುವುದು ವಯಸ್ಸಲ್ಲ, ವಿರಳತೆ. ಮುನ್ನೂರು ವರ್ಷದ ಸಾಮಾನ್ಯ ಕಾನ್‌ಎಯಿ ನಾಣ್ಯಕ್ಕೆ ಇಂದಿಗೂ ಅಲ್ಪ ಬೆಲೆ. ಕೋಟಿಗಟ್ಟಲೆ ಎರಕವಾದದ್ದು ಅದು. ಅದರ ತಾಯಿನಾಣ್ಯಕ್ಕೆ ಬಹುಪಾಲು ಹೆಚ್ಚು. ಆದರೆ ಯಾವ ನಾಣ್ಯವನ್ನೂ ಉಜ್ಜಿ ಬೆಳಗಬಾರದು. ಪರಿಚಿತರೊಬ್ಬರು ತಮ್ಮ ತಂದೆ ತಂದಿದ್ದ ನಾಣ್ಯವನ್ನು ಹುಣಿಸೆಹಣ್ಣು ಹಚ್ಚಿ ಥಳಥಳಿಸುವಂತೆ ಮಾಡಿ ನನಗೆ ತೋರಿಸಿದರು. ಬೆನ್ನಿನ ಗುರುತು ಸವೆದುಹೋಗಿತ್ತು. ಅದು ಯಾವ ಊರಿನದೆಂದು ಇನ್ನು ಯಾರೂ ಹೇಳಲಾರರು.

ನಾಣ್ಯದಂತೆಯೇ ಕಾಣುವ, ಹಣವಾಗಿ ನಡೆಯದ ಬಿಲ್ಲೆಗಳೂ ಅಲ್ಲಿವೆ. ಮಂಗಳಕ್ಕಾಗಿ ಎರಕ ಹೊಯ್ದ ಇಂತಹ ಕೆಲವು ಬಿಲ್ಲೆಗಳ ಮೇಲೆ ದೈಕೊಕು ದೇವತೆಯಿದ್ದಾನೆ. ಅಕ್ಕಿಮೂಟೆಯ ಮೇಲೆ ನಗುತ್ತ ನಿಂತ ಈತ ಮೂಲದಲ್ಲಿ ನಮ್ಮ ಮಹಾಕಾಲ! ಬಹುಕಾಲ 'ಫುಹೊನ್' ಎಂಬ ಬಿಲ್ಲೆಗಳನ್ನೂ ಹೀಗೆಯೇ ತಾಯಿತದಂತಹ ವಸ್ತುವೆಂದು ಎಣಿಸಿದ್ದರು. ನಾರಾ ಪ್ರಾಂತದ ಅಸುಕದಲ್ಲಿ ಏಳನೆಯ ಶತಮಾನದ ಕಾರ್ಯಾಗಾರವೊಂದನ್ನು ಅಗೆದಾಗ, ಎರಕದ ಅವಶೇಷಗಳ ನಡುವೆಯೇ ಅವು ದೊರೆತವು. 1999ರಲ್ಲಿ ಸುದ್ದಿ ಪ್ರಕಟವಾಯಿತು. 708ರ ನಾಣ್ಯ ಮೊದಲನೆಯದೆಂಬ ಪಾಠಪುಸ್ತಕದ ಮಾತು ಅಲುಗಾಡಿತು. 683ರಲ್ಲಿ ತಾಮ್ರನಾಣ್ಯ ಬಳಸಬೇಕೆಂದು ಆಜ್ಞೆಯಾಯಿತೆಂಬ 'ನಿಹೊನ್ ಶೊಕಿ'ಯ ಉಲ್ಲೇಖಕ್ಕೆ ಹೊಸ ಜೀವ ಬಂದಿತು.

ಅಗೆದವರು ಆ ಬಿಲ್ಲೆಗಳನ್ನು ಮಣ್ಣಿನ ಪದರದಿಂದ ಬೇರ್ಪಡಿಸಿ ಮಾರಿದ್ದರೆ ಅವಕ್ಕೆ ಬೆಲೆ ಬರುತ್ತಿತ್ತು, ಅರ್ಥ ಬರುತ್ತಿರಲಿಲ್ಲ. ತಮ್ಮ ಮನೆಯ ಪೆಟ್ಟಿಗೆಯಲ್ಲಿ ಯಾವ ದೇಶದ ನಾಣ್ಯವೇ ಇರಲಿ, ಅದು ಯಾರಿಂದ ಬಂತು, ಎಲ್ಲಿ ಸಿಕ್ಕಿತು ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಜೊತೆಗಿಡಿ. ಕಿಲುಬು ಹಾಗೆಯೇ ಇರಲಿ.