ಥಂಡಿಗೆ ಮೂರು ಪದರ



ನಮ್ಮ ಕೃಷ್ಣಾ, ಮಕ್ತಲ್ ಕಡೆ ಬಿಸಿಲೇ ಜಾಸ್ತಿ. ಹಿಮ ಕಂಡವರು ಕಡಿಮೆ. ನಾನೂ ಕಂಡಿಲ್ಲ. ಆದರೆ ನಮ್ಮ ತೆಲಂಗಾಣದ ಹುಡುಗಿ ಮಾಲಾವತ್ ಪೂರ್ಣಾ 2014ರಲ್ಲಿ ಎವರೆಸ್ಟ್ ಏರಿದಳು. ಆಗ ಆಕೆಗೆ 13 ವರ್ಷ. ಕೂಲಿಕಾರರ ಮಗಳು! 2019ರಲ್ಲಿ ಅಂಟಾರ್ಕ್ಟಿಕಾದ ವಿನ್ಸನ್ ಬೆಟ್ಟವನ್ನೂ ಏರಿದಳು. ದಕ್ಷಿಣ ಧ್ರುವ ಇರುವುದು ಅದೇ ನೆಲದಲ್ಲಿ.

ಅಂಥ ಥಂಡಿಗೆ ಒಂದೇ ದಪ್ಪ ಕೋಟು ಸಾಲದು. ಮೂರು ಪದರ ಬೇಕು. ಮೈಗೆ ಹತ್ತಿದ ಬಟ್ಟೆ ಬೆವರನ್ನು ಹೊರಗೆ ಬಿಡಬೇಕು. ಅದರ ಮೇಲೆ ಉಣ್ಣೆ. ಉಣ್ಣೆಯ ಎಳೆಗಳ ನಡುವೆ ಗಾಳಿ ನಿಲ್ಲುತ್ತದೆ. ನಿಂತ ಗಾಳಿ ಮೈಕಾವನ್ನು ಹಿಡಿದಿಡುತ್ತದೆ. ಎಲ್ಲಕ್ಕೂ ಮೇಲೆ, ಬೀಸುಗಾಳಿ ತಡೆಯುವ ಅಂಗಿ.

ಅಲ್ಲಿ ಒಳಗೆ ಹತ್ತಿ ಬಟ್ಟೆ ಹಾಕುವುದಿಲ್ಲ. ನಾವು ಹತ್ತಿ ಬೆಳೆಯುವವರು, ಬ್ಯಾಸರ ಮಾಡ್ಕೋಬ್ಯಾಡ್ರಿ! ಹತ್ತಿ ಬೆವರು ಕುಡಿದು ಒದ್ದೆಯಾಗೇ ಇರುತ್ತದೆ. ಒದ್ದೆ ಬಟ್ಟೆ ಮೈಕಾವನ್ನು ಎಳೆದುಬಿಡುತ್ತದೆ. ಜೀವಕ್ಕೇ ಅಪಾಯ. ಅದಕ್ಕೇ ಬೆಟ್ಟ ಏರುವಾಗ ಬೆವರುವ ಮೊದಲೇ ಒಂದು ಪದರ ತೆಗೀತಾರೆ. ನಿಂತಾಗ ಮತ್ತೆ ಹಾಕ್ತಾರೆ.

ಉಣ್ಣೆಯ ಗುಣ ನಮ್ಮ ಕುರಿಗಾರರಿಗೆ ಗೊತ್ತು. ಕಂಬಳಿ ಸ್ವಲ್ಪ ನೆನೆದರೂ ಒಳಗೆ ಬೆಚ್ಚಗಿರುತ್ತದೆ.

ಚಳಿಗಾಲದ ರಾತ್ರಿ ಕೂಸಿನ ಬಟ್ಟೆ ಒದ್ದೆಯಾದರೆ ಅದರ ಮೇಲೇ ಇನ್ನೊಂದು ಹೊದಿಸಬ್ಯಾಡ್ರಿ. ಮೊದಲು ಒದ್ದೆ ತೆಗೀರಿ. ಮೈ ಒರೆಸಿ ಒಣಬಟ್ಟೆ ಹಾಕ್ರಿ. ತಲೆಗೆ ಕುಲಾಯಿ ಕಟ್ರಿ.