ತಂಗಡಿಯ ತೊಗಟೆ

ಮಳೆ ಕೈಕೊಟ್ಟ ವರ್ಷವೂ ಬೀದರಿನ ಜಂಬಿಟ್ಟಿಗೆ ಬಯಲಲ್ಲಿ, ಭಾಲ್ಕಿ, ಔರಾದ್ ಕಡೆಯ ಕಲ್ಲು ಬೋರೆಗಳಲ್ಲಿ ಹಳದಿ ಹೂ ಹೊತ್ತು ನಿಲ್ಲುವ ಗಿಡ ತಂಗಡಿ. ಮೈಸೂರು ಸೀಮೆಯವರಿಗೆ ಇದೇ ಆವರಿಕೆ. ಹೂವಲ್ಲಿ ಮಕರಂದವಿಲ್ಲ; ದುಂಬಿ ಕೇಸರಕ್ಕೆ ಜೋತುಬಿದ್ದು ಮೈ ನಡುಗಿಸಿ ಗುಂಯ್‌ಗುಟ್ಟಿದಾಗ ಕೇಸರದ ತುದಿಯ ತೂತಿನಿಂದ ಪರಾಗ ಚಿಮ್ಮುತ್ತದೆ. 2014ರಲ್ಲಿ ತೆಲಂಗಾಣ ಇದನ್ನು ರಾಜ್ಯಪುಷ್ಪ ಮಾಡಿಕೊಂಡಿತು. ಸಂತೋಷವೇ, ಅಲ್ಲಿನ ಬತುಕಮ್ಮ ದೇವಿಯ ಹಬ್ಬದ ಹೂರಾಶಿಗೆ ತಂಗಡಿ ಬೇಕೇ ಬೇಕು. ‘ನಮ್ಮ ಹೂವು ಅವರ ಪಾಲಾಯಿತು’ ಎಂದು ಮುನಿಯುವವರು ಈಗ ತೆಲಂಗಾಣದಲ್ಲಿರುವ ಜಹೀರಾಬಾದ್, ನಾರಾಯಣಖೇಡ 1956ರವರೆಗೆ ಬೀದರ್ ಜಿಲ್ಲೆಯಲ್ಲೇ ಇದ್ದವೆಂಬುದನ್ನು ನೆನೆದರೆ ಸಾಕು. ನನ್ನ ತಕರಾರು ಬೇರೆ. ಹೂವನ್ನು ದೇವಿಗೆ ಏರಿಸಿದವರು ತೊಗಟೆಯನ್ನು ಮರೆತರು. ಈ ಗಿಡದ ಚರಿತ್ರೆಯ ಮುಕ್ಕಾಲು ಪಾಲು ಇರುವುದು ತೊಗಲು ಹದ ಮಾಡುವವರ ಹೊಂಡದಲ್ಲಿ.

ತೊಗಟೆಯ ತೂಕದಲ್ಲಿ ಸುಮಾರು ಐದನೇ ಒಂದು ಪಾಲು ಟ್ಯಾನಿನ್. ಸುಣ್ಣದ ನೀರಲ್ಲಿ ನೆನೆಸಿ, ಕೂದಲು ಕೆರೆದ ತೊಗಲನ್ನು ಜಜ್ಜಿದ ತೊಗಟೆಯ ಒಗರು ನೀರಿನಲ್ಲಿ ವಾರಗಟ್ಟಲೆ ಇಟ್ಟು, ಮಗುಚಿ, ಮತ್ತೆ ಇಟ್ಟಾಗ ಅದು ಕೊಳೆಯದ ಚರ್ಮವಾಗುತ್ತದೆ. ಭಾಲ್ಕಿಯ ನೆರೆಯ ಬಸವಕಲ್ಯಾಣದಲ್ಲಿ ಚಮ್ಮಾವುಗೆ ಹೊಲಿಯುತ್ತಿದ್ದ ಶರಣ ಹರಳಯ್ಯನವರ ಕಥೆ ನಿಮಗೆಲ್ಲ ಗೊತ್ತು. ತಮ್ಮ ಒಂದು ಶರಣಿಗೆ ಬಸವಣ್ಣನವರು ಎರಡು ಶರಣು ಹೇಳಿದರೆಂದು, ಆ ಹೆಚ್ಚಿನ ಶರಣಿನ ಭಾರ ತಾಳಲಾರದೆ, ತಮ್ಮ ತೊಡೆಯ, ಮಡದಿ ಕಲ್ಯಾಣಮ್ಮನವರ ತೊಡೆಯ ಚರ್ಮ ತೆಗೆದು ಹದ ಮಾಡಿ ಚಮ್ಮಾವುಗೆ ಹೊಲಿದರು. ಕೇಳಿದವರು ತ್ಯಾಗಕ್ಕೆ ಕಣ್ಣೊರೆಸಿಕೊಳ್ಳುತ್ತಾರೆ. ‘ಹದ ಮಾಡಿ’ ಎಂಬಲ್ಲಿ ಯಾರೂ ನಿಲ್ಲುವುದಿಲ್ಲ. ಅಲ್ಲಿ ತಂಗಡಿಯ ಹೆಸರೆಲ್ಲಿದೆ ಎಂದು ಕೇಳಬಹುದು. ಇಲ್ಲ, ನಿಜ. ಆದರೆ ಹೊಂಡಕ್ಕೆ ಬೇಕಾದ ತೊಗಟೆ ಊರಾಚೆಯ ಬೋರೆಯಲ್ಲೇ ಬೆಳೆಯುವ ಸೀಮೆಯಲ್ಲಿ ಕಥೆ ಹೇಳುವವರು ಅದನ್ನು ಬಿಟ್ಟರೆಂದರೆ, ಆ ಕಸುಬಿನ ವಾಸನೆಗೆ ಮೂಗು ಮುಚ್ಚಿ ದೂರ ನಿಂತವರೆಂದೇ ಅರ್ಥ.

ಅಷ್ಟು ಒಳ್ಳೆಯದಾಗಿದ್ದರೆ ಈ ತೊಗಟೆ ಸಂತೆಯಿಂದೇಕೆ ಮರೆಯಾಯಿತು? ಹೆಚ್ಚು ಟ್ಯಾನಿನ್ನಿನ ವ್ಯಾಟಲ್ ಮರದ ತೊಗಟೆ ಆಫ್ರಿಕಾದಿಂದ ಬಂತು. 1903ರ ಸುಮಾರಿಗೆ ಮದ್ರಾಸಿನಲ್ಲಿ ಆಲ್ಫ್ರೆಡ್ ಚಾಟರ್ಟನ್, ಮುಂದೆ ಮೈಸೂರಿನ ಕೈಗಾರಿಕಾ ನಿರ್ದೇಶಕರಾದವರು, ತೊಗಟೆಯ ಬದಲು ಕ್ರೋಮಿಯಂ ಲವಣ ಬಳಸುವ ಕ್ರೋಮ್ ಹದದ ಪ್ರಯೋಗಕ್ಕೆ ಕೈಹಾಕಿದರು; ವಾರಗಳ ಕೆಲಸಕ್ಕೆ ದಿನಗಳು ಸಾಕಾದವು. ಆ ಅವಸರಕ್ಕೆ ತೆತ್ತ ಬೆಲೆಯನ್ನು ತಮಿಳುನಾಡಿನ ಪಾಲಾರ್ ನದಿಯಲ್ಲಿ ನೋಡಬೇಕು. ಅಲ್ಲಿನ ಚರ್ಮ ಕಾರ್ಖಾನೆಗಳ ಕೊಳಚೆಯ ವ್ಯಾಜ್ಯ 1996ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾಯಿತು. ತೊಗಟೆಯ ಹೊಂಡವೂ ನಾರುತ್ತದೆ, ಒಪ್ಪೋಣ. ಆದರೆ ಅದು ನದಿಗೆ ಕ್ರೋಮಿಯಂ ಬಿಡುವುದಿಲ್ಲ. ಮತ್ತೆ ಬೀದರಿಗೆ ಬರೋಣ. ಬಿದ್ರಿ ಪಾತ್ರೆ ಕಪ್ಪಾಗಲು ನಮ್ಮ ಕೋಟೆಯ ಮಣ್ಣೇ ಬೇಕೆಂದು ಬೀದರ್ ಹೆಮ್ಮೆಪಡುತ್ತದೆ, ಬಿದ್ರಿಯ ಕುಶಲಕರ್ಮಿಗಳಿಗೆ ಪ್ರಶಸ್ತಿ ಕೊಡಿಸುತ್ತದೆ. ಅದೇ ನೆಲದ ತಂಗಡಿಯಿಂದ ತೊಗಲು ಹದ ಮಾಡಿದ ಕೈಗಳನ್ನು ಊರು ಇವತ್ತಿಗೂ ಕುಶಲಕರ್ಮಿಗಳೆಂದು ಕರೆದಿಲ್ಲ.